ಸೀಟು ಬಿಡುವ ಮುನ್ನ



ಪಿಜಿಗೆ ಫಿಸಿಯಾಲಜಿ ಸೀಟು ಬಂತೆಂದು ಕೋಣೆ ಬಾಗಿಲು ಹಾಕಿಕೊಂಡು ಕೂತಿದ್ದೀಯಂತೆ. ‘ಸತ್ತ ಬ್ರಾಂಚು’ ಎಂದೆಯಂತೆ. ಜೀವಮಾನವೆಲ್ಲ ಅದನ್ನೇ ಪಾಠ ಮಾಡಿ ಉಂಡವನು ನಾನು. ಸಿಟ್ಟು ಬಾರದೆ ಇರುತ್ತದೆಯೇ?

ನಾವು ಓದುವಾಗ ಲ್ಯಾಬಿನಲ್ಲಿ ಸ್ನಾಯುವಿನ ಸೆಟೆತವನ್ನು ಗೆರೆಯಾಗಿ ಗೀಚುವ ಯಂತ್ರದ ಡ್ರಮ್ಮಿಗೆ ನುಣುಪು ಕಾಗದ ಸುತ್ತಿ, ಹೊಗೆ ಹಿಡಿಸಿ ಕಪ್ಪು ಮಾಡಬೇಕಿತ್ತು. ಮಸಿ ದಪ್ಪವಾದರೆ ಸೂಜಿ ಓಡದು, ತೆಳುವಾದರೆ ಗೆರೆ ಕಾಣದು. ಕಪ್ಪೆಯ ಮೀನಖಂಡವನ್ನು ನರದ ಸಮೇತ ಬಿಡಿಸಿ, ನರಕ್ಕೆ ಸ್ನಾಯುವಿನ ಹತ್ತಿರ ಒಮ್ಮೆ, ದೂರದಲ್ಲಿ ಒಮ್ಮೆ ಶಾಕ್ ಕೊಡುವುದು. ಎರಡನೆಯ ಸಲ ಸ್ನಾಯು ಎಳ್ಳಷ್ಟು ತಡವಾಗಿ ಸೆಟೆಯುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ಶ್ರುತಿಕವೆ ಗೀಚಿದ ಅಲೆಗಳ ಮೇಲೆ ಆ ತಡವನ್ನು ಅಳೆದರೆ ನರದ ಸಂಕೇತದ ವೇಗ ಸಿಕ್ಕಿತು! 1850ರ ಸುಮಾರಿಗೆ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲೇ ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ಕಂಡುಕೊಂಡದ್ದೂ ಇದೇ ಉಪಾಯದಿಂದ. ಅದನ್ನು ಅಳೆಯುವುದು ಆಗದ ಮಾತು ಎಂದುಕೊಂಡಿದ್ದವರು ಅವರ ಗುರು ಮ್ಯುಲ್ಲರ್. ಕಾಗದಕ್ಕೆ ವಾರ್ನಿಷ್ ಕುಡಿಸಿ ಒಣಹಾಕುವಾಗ ನಮ್ಮ ಅಂಗಿಯ ತೋಳೆಲ್ಲ ಮಸಿ. ಹಾಸ್ಟೆಲ್ಲಿನ ಅಗಸ ಬೈಯದ ವಾರವಿಲ್ಲ.

ಕ್ಯಾಶುವಾಲ್ಟಿಯಲ್ಲಿ ನೀನು ಕೀಟನಾಶಕ ಕುಡಿದವರನ್ನು ನೋಡಿದ್ದೀಯ. ಪಾಪೆ ಸೂಜಿಮೊನೆಯಷ್ಟು, ಬಾಯಲ್ಲಿ ನೊರೆ. ಅಟ್ರೊಪಿನ್ ಮೇಲೆ ಅಟ್ರೊಪಿನ್ ಏರಿಸಿದೆ. ಯಾಕೆ? ಸೋಡಿಯಂ ಒಳನುಗ್ಗಿ, ಪೊಟ್ಯಾಸಿಯಂ ಹೊರಬಿದ್ದು, ನರದುದ್ದಕ್ಕೂ ಓಡಿಬಂದ ವಿದ್ಯುತ್ ಸಂಕೇತ ತುದಿಯಲ್ಲಿ ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ದಾಟುವುದು ಅಸಿಟೈಲ್‌ಕೋಲಿನ್. ಅದನ್ನು ತಕ್ಷಣ ಒಡೆದುಹಾಕುವ ಕಿಣ್ವವನ್ನು ವಿಷ ಹಿಡಿದುಹಾಕುತ್ತದೆ. ಸಂಕೇತ ನಿಲ್ಲುವುದೇ ಇಲ್ಲ. ಹೀಗೆ ದಾಟುವುದು ರಾಸಾಯನಿಕವೆಂದು ತೋರಿಸಿಕೊಟ್ಟದ್ದೂ ಕಪ್ಪೆಯೇ. 1921ರಲ್ಲಿ ವಿಜ್ಞಾನಿ ಓಟೊ ಲೊವಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ, ಆ ಹೃದಯದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ನರದ ಸಂಪರ್ಕವೇ ಇಲ್ಲದ ಆ ಎರಡನೆಯದರ ಬಡಿತವೂ ನಿಧಾನವಾಯಿತು. ನಮ್ಮ ಲ್ಯಾಬಿನಲ್ಲೂ ಅಸಿಟೈಲ್‌ಕೋಲಿನ್ ಹನಿಗೆ ನಿಧಾನವಾಗುತ್ತಿದ್ದ ಕಪ್ಪೆಯ ಹೃದಯ, ಮೊದಲೇ ಅಟ್ರೊಪಿನ್ ಹಾಕಿದ್ದರೆ ಜಗ್ಗುತ್ತಿರಲಿಲ್ಲ. ನಿನ್ನ ರೋಗಿಯ ಪ್ರಾಣ ಉಳಿಸಿದ್ದು ‘ಸತ್ತ ಬ್ರಾಂಚಿನ’ ಈ ಕಪ್ಪೆಗಳೇ ಕಣಯ್ಯಾ.

ಪ್ರಾಕ್ಟೀಸ್ ಇಲ್ಲ, ಕಾಸು ಕಮ್ಮಿ, ನಿಜ. ಮೆಡಿಸಿನ್ನೇ ಬೇಕೆಂದರೆ ಇನ್ನೊಂದು ವರ್ಷ ಕೂತು ಬರೆ, ತಡೆಯುವವನು ನಾನಲ್ಲ. ಆದರೆ ಗೆಳೆಯರು ನಗುತ್ತಾರೆಂದು ಬಿಡುವುದು ಶುದ್ಧ ಪೆದ್ದುತನ. ನಿಮ್ಹಾನ್ಸ್‌ನಲ್ಲಿ ನ್ಯೂರೋಫಿಸಿಯಾಲಜಿಗೆಂದೇ ಒಂದು ವಿಭಾಗವಿದೆ. ಒಮ್ಮೆಯಾದರೂ ಹೋಗಿ ನೋಡಿದ್ದೀಯಾ?

ಬೈದದ್ದು ಹೆಚ್ಚಾಯಿತೇನೋ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಾಲೇಜಿಗೆ ರಿಪೋರ್ಟ್ ಮಾಡಲು ಕೊನೆಯ ದಿನ ಯಾವುದೆಂದು ತಿಳಿಸು. ಸರ್ಟಿಫಿಕೇಟುಗಳ ಜೆರಾಕ್ಸ್ ತೆಗೆಸಿಡು, ನಾನೂ ಜೊತೆಗೆ ಬರುತ್ತೇನೆ.

ನಿನ್ನ ದೊಡ್ಡಪ್ಪ