ರಷ್ಯಾ ದೇಶದ ಅಂತರ್ಯುದ್ಧ: ಅದರ ಕಾರಣಗಳೂ ಪರಿಣಾಮವೂ

ಅರಸನು ಸಿಂಹಾಸನದಿಂದ ಇಳಿದೊಡನೆ ರಾಜ್ಯಕ್ರಾಂತಿಯು ಮುಗಿಯಿತೆಂದು ಭಾವಿಸುವುದುಂಟು. ರಷ್ಯಾ ದೇಶದ ಚರಿತ್ರೆಯನ್ನು ಓದಿದವರಲ್ಲಿ ಈ ಭಾವನೆ ನಿಲ್ಲಲಾರದು. ಅಲ್ಲಿ ಎರಡನೆಯ ನಿಕೋಲಸ್ ಚಕ್ರವರ್ತಿಯು 1917ನೆಯ ಮಾರ್ಚ್ 15ರಂದು ಪಟ್ಟವನ್ನು ತ್ಯಜಿಸಿದನು. ಆದರೆ ದೇಶದೊಳಗಣ ಕಾಳಗವು ಅಡಗುವುದಕ್ಕೆ ಇನ್ನು ಐದು ವರ್ಷಗಳು ಬೇಕಾದವು. ಜರ್ಮನಿಯೊಡನೆ ನಡೆದ ಮಹಾಯುದ್ಧದಲ್ಲಿ ಮಡಿದ ರಷ್ಯನರಿಗಿಂತಲೂ ಈ ಸೋದರಕಲಹದಲ್ಲಿಯೂ ಅದರೊಡನೆ ಬಂದ ರೋಗ ಕ್ಷಾಮಗಳಲ್ಲಿಯೂ ಮಡಿದವರು ಹೆಚ್ಚು.

ಕ್ರಾಂತಿಯು ಮೊದಲಾದುದು ರೊಟ್ಟಿಯ ಕೂಗಿನಿಂದ. 1917ನೆಯ ಮಾರ್ಚ್ 8ರಂದು ಪೆತ್ರೋಗ್ರಾದ್ ನಗರದ ಬಟ್ಟೆಯ ಗಿರಣಿಗಳ ಹೆಂಗಸರು ಕೆಲಸವನ್ನು ಬಿಟ್ಟು ಬೀದಿಗೆ ಬಂದರು. ಒಂದು ವಾರ ಕಳೆಯುವಷ್ಟರಲ್ಲಿ ಮುನ್ನೂರು ವರ್ಷಗಳ ರಾಜವಂಶವು ಉರುಳಿತು. (ಆಗ ರಷ್ಯಾದ ಪಂಚಾಂಗವು ನಮ್ಮದಕ್ಕಿಂತ ಹದಿಮೂರು ದಿನ ಹಿಂದಿದ್ದುದರಿಂದ ಇದಕ್ಕೆ ಫೆಬ್ರವರಿ ಕ್ರಾಂತಿಯೆಂದೂ, ನವೆಂಬರಿನಲ್ಲಿ ನಡೆದುದಕ್ಕೆ ಅಕ್ಟೋಬರ್ ಕ್ರಾಂತಿಯೆಂದೂ ಹೆಸರು. ಈ ತೊಡಕಿನಿಂದ ಪರೀಕ್ಷೆಯಲ್ಲಿ ಅಂಕಗಳನ್ನು ಕಳೆದುಕೊಂಡವರು ನಮ್ಮೊಳಗೂ ಇದ್ದಾರೆ.) ಬಳಿಕ ಬಂದ ತಾತ್ಕಾಲಿಕ ಸರಕಾರವು ಯುದ್ಧವನ್ನು ನಿಲ್ಲಿಸಲಿಲ್ಲ, ರೈತರಿಗೆ ಭೂಮಿಯನ್ನೂ ಹಂಚಲಿಲ್ಲ. ಆದಕಾರಣ ಅದೇ ವರ್ಷದ ನವೆಂಬರ್ 7ರಂದು ಲೆನಿನನ ನಾಯಕತ್ವದಲ್ಲಿ ಬೋಲ್ಷೆವಿಕರು ಅಧಿಕಾರವನ್ನು ಕಸಿದುಕೊಂಡರು.

ಇಲ್ಲಿಂದ ಒಡಕು ಬೆಳೆಯಿತು. ರಾಜ್ಯಾಂಗವನ್ನು ರಚಿಸುವ ಸಭೆಗಾಗಿ ನವೆಂಬರಿನಲ್ಲಿಯೇ ಚುನಾವಣೆ ನಡೆದಿತ್ತು. ಅದರಲ್ಲಿ ಸ್ತ್ರೀಯರೂ ಮತಕೊಟ್ಟರು. ಬೋಲ್ಷೆವಿಕರಿಗೆ ಮತಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ ದೊರೆಯಿತು. 1918ನೆಯ ಜನವರಿಯಲ್ಲಿ ಆ ಸಭೆ ಒಂದೇ ಒಂದು ದಿನ ಕೂಡಿತು. ಮರುದಿನ ಬಂದ ಸದಸ್ಯರಿಗೆ ಬಾಗಿಲು ತೆರೆಯಲಿಲ್ಲ. ಮಾತಿನಿಂದ ತೀರ್ಮಾನವಾಗಬಹುದಾಗಿದ್ದುದು ಕೋವಿಯ ಪಾಲಿಗೆ ಹೋದುದು ಅಂದೇ ಎಂದು ನಮಗೆ ತೋರುತ್ತದೆ. ಮಾರ್ಚ್ 3ರಂದು ಬ್ರೆಸ್ಟ್ ಲಿಟೋವ್ಸ್ಕ್ ಎಂಬಲ್ಲಿ ಜರ್ಮನಿಯೊಡನೆ ಸಂಧಿಯಾಯಿತು. ಯುಕ್ರೇನ್, ಪೋಲೆಂಡ್ ಮೊದಲಾದ ವಿಸ್ತಾರವಾದ ಸೀಮೆಗಳು ಕೈಬಿಟ್ಟುಹೋದುದನ್ನು ಕಂಡು ಹಳೆಯ ಸೇನಾಪತಿಗಳು ಕುದಿದರು. ಪಟ್ಟಣಗಳಲ್ಲಿ ಹಸಿವು ಹೆಚ್ಚಲು, ಸರಕಾರವು ಆಯುಧಪಾಣಿಗಳಾದ ತಂಡಗಳನ್ನು ಹಳ್ಳಿಗಳಿಗೆ ಕಳುಹಿಸಿ ಕಣಜದ ಧಾನ್ಯವನ್ನು ಬಲಾತ್ಕಾರದಿಂದ ತರಿಸತೊಡಗಿತು. ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ಆಳವಾಗಿ ಬೇರೂರಿದ ವೈರವು ಇದೇ.

ಮದ್ದು ಹೀಗೆ ಕೂಡಿರಲು ಕಿಡಿಯು ಅನಿರೀಕ್ಷಿತ ಸ್ಥಳದಿಂದ ಬಂದಿತು. ಫ್ರಾನ್ಸಿನ ಯುದ್ಧರಂಗಕ್ಕೆ ಸೈಬೀರಿಯದ ರೈಲು ಮಾರ್ಗವಾಗಿ ಹೊರಟಿದ್ದ ಸುಮಾರು ನಲ್ವತ್ತು ಸಾವಿರ ಜೆಕ್ ಸೈನಿಕರು, ತಮ್ಮ ಆಯುಧಗಳನ್ನು ಕಿತ್ತುಕೊಳ್ಳುವರೆಂದು ತಿಳಿದು 1918ನೆಯ ಮೇ ತಿಂಗಳಲ್ಲಿ ತಿರುಗಿಬಿದ್ದರು. ಸ್ವಲ್ಪ ಕಾಲದಲ್ಲಿಯೇ ಸಾವಿರಾರು ಮೈಲಿಗಳ ರೈಲು ದಾರಿಯು ಬೋಲ್ಷೆವಿಕರ ಕೈತಪ್ಪಿತು. ಅದರ ಆಸರೆಯಲ್ಲಿ ವಿರೋಧಪಕ್ಷದವರು ಸರಕಾರಗಳನ್ನು ಕಟ್ಟಿದರು. ಇವರನ್ನು ಬಿಳಿಯರೆಂದೂ ಬೋಲ್ಷೆವಿಕರನ್ನು ಕೆಂಪರೆಂದೂ ಕರೆಯುತ್ತಾರೆ. ನಮ್ಮ ದೇಶದಲ್ಲಿ ಬಿಳಿಯರೆಂದರೆ ಬೇರೆ ಅರ್ಥ ಬರುವುದು. ಇಲ್ಲಿ ಅದು ಪಕ್ಷದ ಬಣ್ಣವೇ ಹೊರತು ಮೈಬಣ್ಣವಲ್ಲ. ಬ್ರಿಟನ್, ಫ್ರಾನ್ಸ್, ಜಪಾನ್, ಅಮೆರಿಕ ದೇಶಗಳೂ ತಮ್ಮ ದಂಡುಗಳನ್ನು ರಷ್ಯಾದ ರೇವುಗಳಲ್ಲಿ ಇಳಿಸಿದವು.

ಇಷ್ಟು ಬಲವಿದ್ದೂ ಬಿಳಿಯರು ಸೋತುದೇಕೆ? ಭೂಪಟವನ್ನು ಬಿಡಿಸಿ ನೋಡಿದರೆ ಅರ್ಧ ಉತ್ತರವು ಕಾಣುತ್ತದೆ. ಮಾಸ್ಕೋ, ಪೆತ್ರೋಗ್ರಾದ್, ತುಲಾ ನಗರದ ಆಯುಧದ ಕಾರ್ಖಾನೆಗಳು, ನಾಲ್ಕು ದಿಕ್ಕಿಗೂ ಹರಡಿದ ರೈಲು ದಾರಿಗಳು, ಇವೆಲ್ಲವೂ ಕೆಂಪರ ವಶದಲ್ಲಿ ನಡುನಾಡಿನಲ್ಲಿದ್ದವು. ಬಿಳಿಯರಾದರೋ ಅಂಚಿನಲ್ಲಿ ಚದರಿದ್ದರು: ಕೊಲ್ಚಾಕನು ಸೈಬೀರಿಯದ ಓಮ್ಸ್ಕಿನಲ್ಲಿ, ದೆನಿಕಿನನು ದಕ್ಷಿಣದಲ್ಲಿ, ಯುದೆನಿಚನು ವಾಯವ್ಯದಲ್ಲಿ. 1919ರ ವಸಂತದಲ್ಲಿ ಕೊಲ್ಚಾಕನು ಮುಂದೊತ್ತಿದಾಗ ಉಳಿದವರು ಕೈಗೂಡಲಿಲ್ಲ. ಅಕ್ಟೋಬರಿನಲ್ಲಿ ದೆನಿಕಿನನು ಓರೆಲ್ ನಗರವನ್ನು ಹಿಡಿದು ಮಾಸ್ಕೋವನ್ನು ಬೆದರಿಸಿದಾಗ ಕೊಲ್ಚಾಕನು ಹಿಮ್ಮೆಟ್ಟುತ್ತಿದ್ದನು. ಟ್ರಾಟ್ಸ್ಕಿಯು ಚಕ್ರವರ್ತಿಯ ಕಾಲದ ಅಧಿಕಾರಿಗಳನ್ನೇ ಸಾವಿರಗಟ್ಟಲೆ ಸೇರಿಸಿಕೊಂಡು ಕೆಂಪು ಸೈನ್ಯವನ್ನು ಶಿಸ್ತಿಗೆ ತಂದನು.

ಉಳಿದ ಅರ್ಧವು ಭೂಪಟದಲ್ಲಿಲ್ಲ. ಕ್ರಾಂತಿಯಾದ ಮರುದಿನವೇ ಹೊರಟ ಶಾಸನದ ಬಲದಿಂದ ರೈತರು ಜಮೀನ್ದಾರರ ಹೊಲಗಳನ್ನು ಹಂಚಿಕೊಂಡಿದ್ದರು. ಬಿಳಿಯರ ದಂಡು ಬಂದಲ್ಲಿ ಅದರ ಬೆನ್ನಹಿಂದೆ ಹಳೆಯ ಜಮೀನ್ದಾರನೂ ಬರುತ್ತಿದ್ದನು. ಧಾನ್ಯವನ್ನು ಒಯ್ಯುವ ಕೆಂಪರನ್ನು ರೈತನು ದ್ವೇಷಿಸಿದನು. ನೆಲವನ್ನೇ ಒಯ್ಯುವವನಿಗೆ ಮಾತ್ರ ಹೆದರಿದನು. ಇದಲ್ಲದೆ ಬಿಳಿಯರು ಅಖಂಡ ರಷ್ಯಾ ಎಂಬ ಹಟವನ್ನು ಬಿಡದೆ, ಸ್ವಾತಂತ್ರ್ಯವನ್ನು ಬಯಸಿದ ನೆರೆಯ ಜನಾಂಗಗಳ ಸಹಾಯವನ್ನು ಕಳೆದುಕೊಂಡರು. ಅವರಿಗೆ ಕೊರತೆಯಾದುದು ಶೌರ್ಯವಲ್ಲ. ಜನರ ಮುಂದಿಡುವುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಕ್ರೌರ್ಯದಲ್ಲಿ ಎರಡು ಪಕ್ಷಗಳೂ ಹಿಂದೆಬೀಳಲಿಲ್ಲ. 1918ನೆಯ ಜುಲೈ 17ರಂದು ಯೆಕಟೆರಿನ್ಬರ್ಗಿನ ಮನೆಯೊಂದರ ನೆಲಮಾಳಿಗೆಯಲ್ಲಿ ಚಕ್ರವರ್ತಿಯನ್ನೂ ರಾಣಿಯನ್ನೂ ನಾಲ್ವರು ಕುಮಾರಿಯರನ್ನೂ ಹದಿಮೂರು ವರ್ಷದ ಕುಮಾರನನ್ನೂ ಕೊಂದರು. ಆಗಸ್ಟಿನಲ್ಲಿ ಲೆನಿನನ ಮೇಲೆ ಗುಂಡು ಹಾರಿದ ಬಳಿಕ ಕೆಂಪರು ಸೆರೆಯಾಳುಗಳನ್ನು ಗುಂಪುಗುಂಪಾಗಿ ಕೊಲ್ಲಿಸಿದರು. ಯುಕ್ರೇನಿನಲ್ಲಿ ಯಾವ ಪಕ್ಷಕ್ಕೂ ಸೇರದ ಯೆಹೂದ್ಯ ಕುಟುಂಬಗಳು ಸಾವಿರಾರು ಸಂಖ್ಯೆಯಲ್ಲಿ ಹತವಾದವು; ಬಿಳಿಯರ ದಂಡಿನವರೂ ಯುಕ್ರೇನಿನ ದಂಡಿನವರೂ ಈ ಪಾತಕದಲ್ಲಿ ಮುಂದಾಗಿದ್ದರು.

1920ನೆಯ ನವೆಂಬರಿನಲ್ಲಿ ಬಿಳಿಯರ ಕೊನೆಯ ದೊಡ್ಡ ಸೈನ್ಯವು ಸೇನಾಪತಿ ರಾಂಗೆಲನೊಡನೆ ಕ್ರಿಮಿಯದಿಂದ ಹಡಗೇರಿತು. 126 ಹಡಗುಗಳಲ್ಲಿ ಸುಮಾರು 1,45,000 ಜನರು ಸ್ವದೇಶವನ್ನು ಬಿಟ್ಟುಹೋದರು. ಆದರೆ ಗೆದ್ದವರಿಗೂ ನೆಮ್ಮದಿಯಿರಲಿಲ್ಲ. ಕ್ರಾಂತಿಯ ಹೆಮ್ಮೆಯೆನಿಸಿದ್ದ ಕ್ರೋನ್ಸ್ಟಾಟ್ ನಾವಿಕರೇ 1921ನೆಯ ಮಾರ್ಚಿನಲ್ಲಿ ದಂಗೆಯೆದ್ದು ಸ್ವತಂತ್ರ ಚುನಾವಣೆಯನ್ನು ಕೇಳಿದರು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೈನ್ಯವನ್ನು ನಡೆಸಿ ಅವರನ್ನು ಅಡಗಿಸಲಾಯಿತು. ಅದೇ ತಿಂಗಳಲ್ಲಿ ಲೆನಿನನು ಧಾನ್ಯದ ಸುಲಿಗೆಯನ್ನು ನಿಲ್ಲಿಸಿ ಗೊತ್ತಾದ ತೆರಿಗೆಯನ್ನು ಏರ್ಪಡಿಸಿದನು. ಮೂರು ವರ್ಷಗಳ ಮೊದಲೇ ಇದನ್ನು ಮಾಡಿದ್ದರೆ ಎಷ್ಟು ಹಳ್ಳಿಗಳು ಉಳಿಯುತ್ತಿದ್ದುವೋ! ವ್ಯಾಪಾರಕ್ಕೆ ಸಡಿಲಿಕೆ ಸಿಕ್ಕಿತು, ರಾಜಕೀಯಕ್ಕೆ ಸಿಕ್ಕಲಿಲ್ಲ. ಬೇರೆ ಪಕ್ಷಗಳೆಲ್ಲವೂ ಬಾಯಿಮುಚ್ಚಿದವು. 1922ನೆಯ ಡಿಸೆಂಬರ್ 30ರಂದು ಸ್ಥಾಪಿತವಾದ ಸೋವಿಯತ್ ಒಕ್ಕೂಟವು 1991ರವರೆಗೆ ಬಾಳಿತು.

ರೊಟ್ಟಿಯ ಮಾತು ಉಳಿಯಿತು. ಬಿತ್ತುವ ಬೀಜವನ್ನೂ ಕಳೆದುಕೊಂಡಿದ್ದ ವೋಲ್ಗಾ ನದಿಯ ಸೀಮೆಯಲ್ಲಿ 1921ರಲ್ಲಿ ಮಳೆ ತಪ್ಪಿತು. ಆ ಕ್ಷಾಮದಲ್ಲಿಯೂ ಅದರ ರೋಗಗಳಲ್ಲಿಯೂ ಸುಮಾರು 50 ಲಕ್ಷ ಜನರು ಸತ್ತರು. ತಬ್ಬಲಿ ಮಕ್ಕಳು ರೈಲು ನಿಲ್ದಾಣಗಳಲ್ಲಿ ಮಲಗಿ ಬದುಕಿದರು. ಒಂದು ವರ್ಷದ ಹಿಂದೆಯಷ್ಟೇ ತನ್ನ ಸಿಪಾಯಿಗಳನ್ನು ವ್ಲಾಡಿವಾಸ್ಟಾಕಿನಿಂದ ಹಿಂದಕ್ಕೆ ಕರೆಸಿಕೊಂಡಿದ್ದ ಅಮೆರಿಕವು ಈಗ ಜೋಳವನ್ನೂ ಹಾಲನ್ನೂ ತುಂಬಿದ ಹಡಗುಗಳನ್ನು ಕಳುಹಿಸಿತು. 1922ರ ಬೇಸಗೆಯಲ್ಲಿ ಆ ಸಹಾಯಸಂಘದವರು ದಿನಕ್ಕೆ ಒಂದು ಕೋಟಿ ಜನರಿಗೆ ಉಣಬಡಿಸುತ್ತಿದ್ದರು. ಅವರ ಮೊದಲನೆಯ ಅಡಿಗೆಮನೆಯು 1921ನೆಯ ಸೆಪ್ಟೆಂಬರಿನಲ್ಲಿ ಮಕ್ಕಳಿಗಾಗಿ ತೆರೆದುದು ಪೆತ್ರೋಗ್ರಾದ್ ನಗರದಲ್ಲಿ.