ಸೆಮಿಸ್ಟರ್ ಮುಗಿಸಿ ಊರಿಗೆ ಬರುವವರ ಲೆಕ್ಕ

ವಿದೇಶಕ್ಕೆ ಓದಲು ಹೋಗುವುದು ಹೇಗೆ ಎಂದು ತಿಳಿಸುವ ಶಿಬಿರಗಳು ಮಂಗಳೂರಿನಲ್ಲಿ ಆಗಾಗ ನಡೆಯುತ್ತಲೇ ಇರುತ್ತವೆ. ಹೋದವರು ಮರಳುವಾಗ ಏನೇನು ಮಾಡಿ ಬರಬೇಕು ಎಂದು ತಿಳಿಸುವ ಒಂದು ಶಿಬಿರಕ್ಕೂ ನಮಗೆ ಕರೆ ಬಂದದ್ದಿಲ್ಲ. ಪೂರ್ತಿ ಡಿಗ್ರಿಗೆ ಹೋಗುವವರ ವಿಷಯ ಬೇರೆ. ಒಂದೇ ಸೆಮಿಸ್ಟರಿಗೆ ವಿನಿಮಯ ವಿದ್ಯಾರ್ಥಿಯಾಗಿ ಹೋಗುವವರು ಹೋಗುವುದೇ ಮರಳಿ ಬರಲಿಕ್ಕೆ. ನಮ್ಮಲ್ಲೂ ಕೆಲವರು ಡಿಗ್ರಿ ಸೇರಿದ ಮೇಲೆ ಹೀಗೆ ಹೋಗಬಹುದು. ಅದಕ್ಕಾಗಿ ಈ ಪಾಠ.

ನನ್ನ ಖಾಲಾ ಮಗಳು, ನಾನು ಆಪಾ ಎಂದು ಕರೆಯುವವರು, ಬಿ.ಇ. ಮೂರನೇ ವರ್ಷದಲ್ಲಿ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಚಳಿಗಾಲದ ಸೆಮಿಸ್ಟರ್ ಓದಿದರು. 2024ರ ಸೆಪ್ಟೆಂಬರ್ ಕೊನೆಗೆ ಹೋಗಿ, 2025ರ ಮಾರ್ಚ್ ಕೊನೆಗೆ, ಈದಿಗೆ ಎರಡು ದಿನ ಇರುವಾಗ ಉರ್ವಸ್ಟೋರಿನ ಮನೆಗೆ ಬಂದರು. ಅವರ ದಪ್ಪ ಫೈಲನ್ನು ಕೇಳಿ ಪಡೆದು, ನಾವು ಕ್ಲಾಸಿನಲ್ಲಿ ಕಲಿಯುವ ಅಕೌಂಟೆನ್ಸಿಯ ಜೊತೆ ಇಟ್ಟು ನೋಡಿದ್ದೇನೆ.

ದ್ವಿತೀಯ ಪಿಯುಸಿಯಲ್ಲಿ ಪಾಲುದಾರಿಕೆ ಸಂಸ್ಥೆಯ ವಿಸರ್ಜನೆ ಎಂಬ ಅಧ್ಯಾಯ ಇದೆ. ಆಸ್ತಿಗಳನ್ನು ರಿಯಲೈಸೇಶನ್ ಖಾತೆಯ ಡೆಬಿಟ್‌ಗೆ, ಹೊರಗಿನ ಸಾಲಗಳನ್ನು ಕ್ರೆಡಿಟ್‌ಗೆ ಒಯ್ಯುತ್ತೇವೆ. ಮಾರಿ ಬಂದದ್ದು, ತೀರಿಸಿದ್ದು ಎಲ್ಲ ಬರೆದು ಖಾತೆ ಮುಚ್ಚುತ್ತೇವೆ. ಜರ್ಮನಿ ಬಿಡುವ ವಿದ್ಯಾರ್ಥಿಯ ಕೊನೆಯ ಒಂದು ತಿಂಗಳು ಹೆಚ್ಚುಕಡಿಮೆ ಇದೇ ಖಾತೆ. ಹಳೆಯ ಸೈಕಲ್, ಅಡುಗೆ ಪಾತ್ರೆ ಮುಂದಿನ ಬ್ಯಾಚಿನವರಿಗೆ ಮಾರಾಟ. ಆರೋಗ್ಯ ವಿಮೆ, ಮೊಬೈಲ್ ಸಿಮ್ ಬರಹದಲ್ಲಿ ತಿಳಿಸಿ ರದ್ದು. ಅಲ್ಲಿ ಪ್ರತಿಯೊಬ್ಬರೂ ವಾಸದ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸಿರಬೇಕು. ದೇಶ ಬಿಡುವಾಗ ಆ ನೋಂದಣಿ ತೆಗೆಸಬೇಕು. ಇದಕ್ಕೆ ಆಬ್‌ಮೆಲ್ಡುಂಗ್ ಎನ್ನುತ್ತಾರೆ. ಮನೆ ಬಿಡುವ ಒಂದು ವಾರ ಮೊದಲಿನಿಂದ, ಬಿಟ್ಟ ಎರಡು ವಾರದೊಳಗೆ ಮುಗಿಸಬೇಕು. ಆ ಕಾಗದ ಕೈಯಲ್ಲಿದ್ದರೆ ಉಳಿದದ್ದನ್ನು ರದ್ದು ಮಾಡಿಸುವುದು ಸುಲಭ. ರೇಡಿಯೊ, ಟಿವಿ ಶುಲ್ಕವನ್ನೇ ನೋಡಿ. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. ನಾವು ಊರಿಗೆ ಬಂದು ಮೀನು ಊಟ ಮಾಡುತ್ತಿದ್ದರೂ, ಹೇಳದೆ ಬಂದಿದ್ದರೆ ಅಲ್ಲಿ ಬಿಲ್ಲು ಬೆಳೆಯುತ್ತಿರುತ್ತದೆ. ನಮ್ಮ ಭಾಷೆಯಲ್ಲಿ ಅದು ಬಾಕಿ ವೆಚ್ಚ.

ಒಂದು ಗಂಟು ಮಾತ್ರ ಪಠ್ಯಪುಸ್ತಕದಲ್ಲಿಲ್ಲ. ಕೋಣೆಗೆ ಕೊಟ್ಟ ಮುಂಗಡ (ಅಲ್ಲಿನ ಕಾನೂನಿನಲ್ಲಿ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ) ಕೀಲಿಕೈ ಕೊಟ್ಟ ದಿನವೇ ಸಿಗುವುದಿಲ್ಲ. ಕೋಣೆ ನೋಡಿ, ನೀರು, ಹೀಟರಿನ ಲೆಕ್ಕ ಹಾಕಿ, ಕೆಲವು ತಿಂಗಳ ನಂತರ ಬ್ಯಾಂಕ್ ಖಾತೆಗೆ ಹಾಕುತ್ತಾರೆ. ಖಾತೆ ಮುಚ್ಚಿ ಬಂದರೆ ಮುಂಗಡ ಬರಲು ದಾರಿಯಿಲ್ಲ. ಮುಚ್ಚದೆ ಬಂದರೆ ವಿದೇಶದಲ್ಲಿ ಒಂದು ಖಾತೆ ಉಳಿಯಿತು. ಆಪಾ ಮುಚ್ಚದೆ ಬಂದರು. ಮುಂಗಡ ಬಂದದ್ದು ಜುಲೈಯಲ್ಲಿ, ಗೋಡೆಗೆ ಬಣ್ಣ ಎಂದು ಸ್ವಲ್ಪ ಮುರಿದುಕೊಂಡು.

ಆ ಉಳಿದ ಖಾತೆಯಿಂದ ಏನಾಗುತ್ತದೆ ಎಂಬುದು ಕಾಮರ್ಸಿನವರು ಮನೆಯವರಿಗೆ ವಿವರಿಸಬೇಕಾದ ವಿಷಯ. ನಮ್ಮ ಕಡೆ ಪರದೇಶ ಎಂದರೆ ಮೊದಲು ಗಲ್ಫ್. ಪ್ರತಿ ಓಣಿಯಲ್ಲೂ ದುಬೈ, ದಮ್ಮಾಮ್‌ಗೆ ಹೋದವರಿದ್ದಾರೆ. ಹಾಗಾಗಿ ಹೊರಗೆ ಹೋದವರೆಲ್ಲ ಎನ್‌ಆರ್‌ಐ, ಅವರಿಗೆ ಇಲ್ಲಿನ ತೆರಿಗೆಯ ತಲೆಬಿಸಿ ಇಲ್ಲ ಎಂಬ ನಂಬಿಕೆ ಎಲ್ಲರ ಮನೆಯಲ್ಲೂ ಇದೆ. ನಮ್ಮ ಅಬ್ಬಾ ಕೂಡ ಹಾಗೆಯೇ ಹೇಳಿದರು. ಕಾನೂನು ಬೇರೆ ಹೇಳುತ್ತದೆ. ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರು ತೆರಿಗೆಯ ಮಟ್ಟಿಗೆ ನಿವಾಸಿಗಳು. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಬೆರಳು ಮಡಚಿ ಎಣಿಸಿ: 183. ಅಂದರೆ ಅಕ್ಟೋಬರಿನಲ್ಲಿ ಶುರುವಾಗುವ ಸೆಮಿಸ್ಟರಿಗೆ ಹೋದವರು ಆ ವರ್ಷ ನಿವಾಸಿಯೇ. ಇನ್ನೂ ಮೊದಲೇ ಹೋದರೂ ತಪ್ಪಿಸಿಕೊಳ್ಳುವಂತಿಲ್ಲ. ಆ ವರ್ಷ 60 ದಿನ, ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಇದ್ದರೂ ನಿವಾಸಿ ಎಂಬ ಎರಡನೇ ನಿಯಮವಿದೆ. ಉದ್ಯೋಗಕ್ಕೆಂದು ದೇಶ ಬಿಡುವವರಿಗೆ ಈ 60ನ್ನು 182 ಎಂದು ಸಡಿಲಿಸಿದ್ದಾರೆ. ಗಲ್ಫಿನ ಮಾಮೂಗೆ ಅದು ಸಿಗುತ್ತದೆ, ಓದಲು ಹೋದ ಆಪಾಗೆ ಇಲ್ಲ.

ನಿವಾಸಿಯಾದರೆ ಅಲ್ಲಿ ಪಾರ್ಟ್‌ಟೈಮ್ ದುಡಿದದ್ದೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯ, ನಮ್ಮ ಹಾಗೆ ಇಲ್ಲೇ ಹುಟ್ಟಿ ಬೆಳೆದ ನಿವಾಸಿಯ ಹೆಸರಿನಲ್ಲಿ ವಿದೇಶದಲ್ಲಿ ಬ್ಯಾಂಕ್ ಖಾತೆ ಇದ್ದರೆ, ಆದಾಯ ಮಿತಿಗಿಂತ ಕಡಿಮೆ ಇದ್ದರೂ ರಿಟರ್ನ್ ಸಲ್ಲಿಸಬೇಕು. ಅದಕ್ಕೆ ಸರಳವಾದ ಐಟಿಆರ್-1 ನಡೆಯುವುದಿಲ್ಲ. ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ಇರುವ ನಮೂನೆ ಬೇಕು, ವ್ಯಾಪಾರ ಇಲ್ಲದವರಿಗೆ ಐಟಿಆರ್-2. ಈ ಶೆಡ್ಯೂಲ್ ಕೇಳುವುದು ಜನವರಿಯಿಂದ ಡಿಸೆಂಬರ್‌ವರೆಗಿನ ವಿವರ. ಆಪಾ ಖಾತೆ 2024ರ ಅಕ್ಟೋಬರಿನಿಂದ 2025ರ ಜುಲೈವರೆಗೆ ಇದ್ದದ್ದರಿಂದ, ಒಂದೇ ಸೆಮಿಸ್ಟರಿನ ಖಾತೆ ಎರಡು ವರ್ಷದ ರಿಟರ್ನಿನಲ್ಲಿ ಬರುತ್ತದೆ. ವೀಸಾಕ್ಕಾಗಿ ತೆರೆಯುವ ಬ್ಲಾಕ್ಡ್ ಅಕೌಂಟ್ (ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ಮೊದಲೇ ಇಡುವ ಹಣ) ವಿದ್ಯಾರ್ಥಿಯ ಹೆಸರಿನಲ್ಲೇ ಇರುತ್ತದೆ. ಅದೂ ಇದರಲ್ಲಿ ಸೇರಿತು.

ಜೇಬಿನಲ್ಲಿ ಉಳಿದ ನೋಟಿನ ವಿಷಯ ಚಿಕ್ಕದು. 2,000 ಡಾಲರ್‌ವರೆಗಿನ ವಿದೇಶಿ ನೋಟು ಇಟ್ಟುಕೊಳ್ಳಬಹುದು, ಹೆಚ್ಚಿನದನ್ನು ಬಂದ 180 ದಿನದೊಳಗೆ ಬ್ಯಾಂಕಿಗೋ ಅಧಿಕೃತ ಮನಿ ಚೇಂಜರಿಗೋ ಕೊಡಬೇಕು. ನಾಣ್ಯಕ್ಕೆ ಮಿತಿಯಿಲ್ಲ, ಆದರೆ ಅವನ್ನು ಕೊಳ್ಳುವವರೂ ಇಲ್ಲ. ಸೆಂಟ್‌ಗಳೆಲ್ಲ ಈಗ ನನ್ನ ತಮ್ಮನ ಡಬ್ಬಿಯಲ್ಲಿವೆ.

ಹಣದ ಲೆಕ್ಕ ತಡವಾದರೂ ಸರಿಹೋಗುತ್ತದೆ. ಸರಿಹೋಗದೆ ಉಳಿಯಬಹುದಾದದ್ದು ಓದಿನ ಲೆಕ್ಕ. ಯುರೋಪಿನಲ್ಲಿ ಒಂದು ವರ್ಷದ ಓದಿಗೆ 60 ಇಸಿಟಿಎಸ್, ಸೆಮಿಸ್ಟರಿಗೆ 30. ಒಂದು ಇಸಿಟಿಎಸ್ ಎಂದರೆ 25ರಿಂದ 30 ಗಂಟೆಯ ಕೆಲಸ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್, 1,200 ಗಂಟೆ, ಅಂದರೆ ಕ್ರೆಡಿಟ್ಟಿಗೆ 30 ಗಂಟೆ. ಹೀಗಾಗಿ ಅಲ್ಲಿನ ಸೆಮಿಸ್ಟರ್ 750ರಿಂದ 900 ಗಂಟೆ, ಇಲ್ಲಿನದು 600. ಡಾಲರಿಗೆ ಇರುವಂತೆ ಇದಕ್ಕೆ ದಿನದ ದರ ಇಲ್ಲ. ಯಾವ ವಿಷಯಕ್ಕೆ ಎಷ್ಟು ಕೊಡುವುದೆಂದು ಇಲ್ಲಿನ ಕಾಲೇಜು ಮತ್ತು ವಿಶ್ವವಿದ್ಯಾಲಯ ತೀರ್ಮಾನಿಸುತ್ತವೆ. ಆಪಾ ಕಾಲೇಜಿನಲ್ಲಿ 6 ಇಸಿಟಿಎಸ್‌ನ ವಿಷಯಕ್ಕೆ 4 ಕ್ರೆಡಿಟ್ ಎಂದು ಬರೆದುಕೊಂಡರು. ಅಂಕಗಳದ್ದು ಇನ್ನೂ ತಮಾಷೆ. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಪಾಸಿನ ಕೊನೆ, 5.0 ಫೇಲು. ಟ್ರಾನ್ಸ್‌ಕ್ರಿಪ್ಟಿನಲ್ಲಿ 1.7 ನೋಡಿ ಖಾಲಾ “ಬಸ್ ಇತ್ನಾ?” ಎಂದು ಕುರ್ಚಿಯಲ್ಲಿ ಕೂತುಬಿಟ್ಟರು.

ಹೋಗುವ ಮೊದಲು ಮೂರು ಕಡೆಯವರು ಸಹಿ ಮಾಡುವ ಲರ್ನಿಂಗ್ ಅಗ್ರಿಮೆಂಟ್ ಇರುತ್ತದೆ: ವಿದ್ಯಾರ್ಥಿ, ಇಲ್ಲಿನ ಕಾಲೇಜು, ಅಲ್ಲಿನ ವಿಶ್ವವಿದ್ಯಾಲಯ. ಯಾವ ವಿಷಯ ಓದಿದರೆ ಇಲ್ಲಿನ ಯಾವ ವಿಷಯಕ್ಕೆ ಸಮ ಎಂಬುದು ಅದರಲ್ಲಿರುತ್ತದೆ. ಅಲ್ಲಿ ಹೋದ ಮೇಲೆ ಒಂದು ವಿಷಯ ಆ ಸೆಮಿಸ್ಟರಿನಲ್ಲಿ ನಡೆಯುವುದಿಲ್ಲ ಎಂದಾಯಿತು. ಆಪಾ ಬದಲಿ ವಿಷಯ ತೆಗೆದುಕೊಂಡು, ತಿದ್ದಿದ ಅಗ್ರಿಮೆಂಟಿಗೆ ಸಹಿ ಕೇಳಿ ಇಲ್ಲಿಗೆ ಎರಡು ಬಾರಿ ಈಮೇಲ್ ಮಾಡಿದರು. ಉತ್ತರ ಬರಲಿಲ್ಲ. ಪರೀಕ್ಷೆ ಬರೆದು ಪಾಸೂ ಆದರು. ಬಂದ ಮೇಲೆ ಆ ವಿಷಯ ಪಟ್ಟಿಯಲ್ಲಿಲ್ಲ ಎಂದರು. ಇದು ಸರಿಯೆಂದು ನನಗೆ ತೋರುವುದಿಲ್ಲ. ಆದರೆ ಲೆಡ್ಜರಿನಲ್ಲಿ ಪೋಸ್ಟ್ ಆಗದ ವ್ಯವಹಾರ ಟ್ರಯಲ್ ಬ್ಯಾಲೆನ್ಸಿಗೂ ಬರುವುದಿಲ್ಲ ಎಂದು ನಮ್ಮ ಲೆಕ್ಚರರ್ ಹೇಳುವುದರ ಅರ್ಥ ಅಂದು ಹೊಳೆಯಿತು.

ಇದೇ ಮಾತನ್ನು ನಮ್ಮ ರಾಜ್ಯದ ನೂರಾರು ಮನೆಗಳು 2022ರಲ್ಲಿ ಬಹಳ ದೊಡ್ಡ ಬೆಲೆಗೆ ಕಲಿತವು. ಆ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಓದುತ್ತಿದ್ದವರು ಸೆಮಿಸ್ಟರಿನ ನಡುವೆ ಓಡಿ ಬರಬೇಕಾಯಿತು. ಆಪರೇಷನ್ ಗಂಗಾ ಹೆಸರಿನ 90 ವಿಮಾನಗಳು ಹಾರಿದವು, ಸುಮಾರು 22,500 ಭಾರತೀಯರು ಮರಳಿದರು. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ್ ಮರಳಲಿಲ್ಲ. ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷದ ಮೆಡಿಕಲ್ ಓದುತ್ತಿದ್ದ ಅವರು ಮಾರ್ಚ್ 1ರಂದು ದಿನಸಿಗಾಗಿ ಸಾಲಿನಲ್ಲಿ ನಿಂತಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡರು. ಬದುಕಿ ಬಂದವರ ಎದುರು ನಿಂತದ್ದು ಪುಸ್ತಕದ ಪ್ರಶ್ನೆ. ವಿದೇಶದಲ್ಲಿ ಮೆಡಿಕಲ್ ಓದುವವರು ಮೊದಲಿನಿಂದ ಕೊನೆವರೆಗೆ ಒಂದೇ ಸಂಸ್ಥೆಯಲ್ಲಿ ಓದಿರಬೇಕು ಎಂದು 2021ರ ನಿಯಮ ಹೇಳುತ್ತಿತ್ತು. ಅಲ್ಲಿ ಕಾಲೇಜಿಲ್ಲ, ಇಲ್ಲಿ ಸೀಟಿಲ್ಲ. ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಉಳಿದ ಓದು ಮುಗಿಸಿ ಉಕ್ರೇನಿನ ಮೂಲ ವಿಶ್ವವಿದ್ಯಾಲಯದಿಂದಲೇ ಪದವಿ ಪಡೆಯುವ ವ್ಯವಸ್ಥೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪಿದ್ದು 2022ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಅರ್ಧ ವರ್ಷಕ್ಕಿಂತ ಹೆಚ್ಚು ಕಳೆದಿತ್ತು.

ಆಪಾ ಸೆಮಿಸ್ಟರಿಗೆ ಯಾವ ಯುದ್ಧವೂ ಬರಲಿಲ್ಲ. ಆದರೂ ದಿನಾಂಕಗಳು ಹೊಂದಲಿಲ್ಲ. ಅಲ್ಲಿ ತರಗತಿ ಮುಗಿಯುವುದು ಫೆಬ್ರವರಿಯಲ್ಲಿ, ಪರೀಕ್ಷೆಗಳು ಮಾರ್ಚ್‌ವರೆಗೂ ಇರುತ್ತವೆ. ಇಲ್ಲಿ ಅಷ್ಟು ಹೊತ್ತಿಗೆ ಮುಂದಿನ ಸೆಮಿಸ್ಟರಿನ ಮೊದಲ ಇಂಟರ್ನಲ್ ಮುಗಿದಿತ್ತು. ಕೊನೆಯ ಪರೀಕ್ಷೆ ಬಿಟ್ಟು ರಂಜಾನಿನ ಮೊದಲ ವಾರಕ್ಕೇ ಬಾ ಎಂದು ಮನೆಯವರು ಕರೆದರು. ಆಪಾ ಬರಲಿಲ್ಲ. ಉಪವಾಸದಲ್ಲೇ ಆ ಪರೀಕ್ಷೆ ಬರೆದರು, ಆ 4 ಕ್ರೆಡಿಟ್ ಸಿಕ್ಕಿತು. ಟ್ರಾನ್ಸ್‌ಕ್ರಿಪ್ಟ್ ಬಂದದ್ದು ಮೇ ತಿಂಗಳಲ್ಲಿ. ಅಲ್ಲಿಯವರೆಗೆ ತೋರಿಸಲಿಕ್ಕೆ ಅವರ ಬಳಿ ಇದ್ದದ್ದು ಪ್ರತಿ ವಿಷಯದ ಪಠ್ಯಕ್ರಮದ ಮುದ್ರಿತ ಪ್ರತಿ, ಪ್ರಾಧ್ಯಾಪಕರ ಸಹಿಯ ಹಾಜರಿ ಪತ್ರ, ಅಲ್ಲಿ ತಂಗಿದ ದಿನಾಂಕಗಳ ಪ್ರಮಾಣಪತ್ರ. ಇವನ್ನು ಅಲ್ಲೇ ಇದ್ದಾಗ ಕೇಳಿದರೆ ಒಂದು ದಿನದಲ್ಲಿ ಸಿಗುತ್ತವೆ. ಊರಿಗೆ ಬಂದು ಕೇಳಿದ ಇನ್ನೊಬ್ಬ ವಿದ್ಯಾರ್ಥಿಗೆ ಏಳು ವಾರ ಹಿಡಿಯಿತಂತೆ.

ಐದು ವಿಷಯಗಳಲ್ಲಿ ನಾಲ್ಕನ್ನು ಕಾಲೇಜು ಒಪ್ಪಿಕೊಂಡಿದೆ. ಪಟ್ಟಿಯಲ್ಲಿಲ್ಲದ ಆ ಒಂದು ವಿಷಯದ ಬದಲಿಗೆ ಆಪಾ ಈಗ ವಾರಕ್ಕೆ ಮೂರು ದಿನ ಜೂನಿಯರ್‌ಗಳ ತರಗತಿಯಲ್ಲಿ ಕೂರುತ್ತಾರೆ. ಪರೀಕ್ಷೆ ಡಿಸೆಂಬರಿನಲ್ಲಿ.