ಜೈಲಿನಲ್ಲಿ ಕಳೆದ ದಿನಗಳ ಲೆಕ್ಕ ಕೇಳಿ ಪಡೆಯಿರಿ

ಶಿಕ್ಷೆ ರದ್ದಾಗಿ ಮನೆಗೆ ಬಂದವರ ಮೇಲೆ ಸರ್ಕಾರ ಮೇಲ್ಮನವಿ ಹೋಗಿ, ಅದೇ ಶಿಕ್ಷೆ ಮತ್ತೆ ಕಾಯಂ ಆದರೆ? ಮೊದಲು ಒಳಗಿದ್ದ ದಿನಗಳು ನೀರುಪಾಲೇ? ಮೇಲೂರಿನಿಂದ ಶಿಡ್ಲಘಟ್ಟ ಕೋರ್ಟಿಗೆ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಅಲೆಯುವ ಮನೆಯವರು ಇದನ್ನು ತಿಳಿದಿರಬೇಕು.

ಒಂದು ಪ್ರಕರಣ ನೋಡಿ. ಆದಾಯ ಮೀರಿದ ಆಸ್ತಿ ಮೊಕದ್ದಮೆಯಲ್ಲಿ ತಮಿಳುನಾಡಿನ ರಾಜಕಾರಣಿ ವಿ.ಕೆ. ಶಶಿಕಲಾ ಅವರಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರ ಸೆಪ್ಟೆಂಬರ್ 27ರಂದು ನಾಲ್ಕು ವರ್ಷ ಜೈಲು ವಿಧಿಸಿತು. ಸುಮಾರು ಮೂರು ವಾರ ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದು ಜಾಮೀನು ಪಡೆದರು. 2015ರ ಮೇ 11ರಂದು ಹೈಕೋರ್ಟ್ ಖುಲಾಸೆ ಮಾಡಿತು. ಕರ್ನಾಟಕ ಸರ್ಕಾರ ಮೇಲ್ಮನವಿ ಸಲ್ಲಿಸಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮತ್ತೆ ಊರ್ಜಿತಗೊಳಿಸಿತು. ಆದರೆ ಅನುಭವಿಸಬೇಕೆಂದು ಹೇಳಿದ್ದು ಉಳಿದ ಅವಧಿಯನ್ನು ಮಾತ್ರ. ಮರುದಿನ ಶರಣಾದ ಅವರು 2021ರ ಜನವರಿ 27ರಂದು ಬಿಡುಗಡೆಯಾದರು. ಶರಣಾದ ದಿನದಿಂದ ನಾಲ್ಕು ವರ್ಷ ತುಂಬಲು ಆಗ ಇನ್ನೂ ಎರಡು ವಾರಕ್ಕೂ ಹೆಚ್ಚು ದಿನ ಬಾಕಿಯಿತ್ತು; ಮೊದಲು ಒಳಗಿದ್ದ ದಿನಗಳನ್ನು ಲೆಕ್ಕಕ್ಕೆ ಹಿಡಿದಿದ್ದರು. ದೊಡ್ಡವರಿಗೆ ಈ ಲೆಕ್ಕ ಹಾಕಲು ವಕೀಲರ ಪಡೆಯೇ ಇರುತ್ತದೆ. ಕೂಲಿ ಮಾಡುವವರ ಪರವಾಗಿ ಮನೆಯವರೇ ಕೇಳಬೇಕು.

ಇನ್ನು ತೀರ್ಪಿಗೆ ಮೊದಲು, ತನಿಖೆ, ವಿಚಾರಣೆಯ ಕಾಲದಲ್ಲಿ ಬಂಧನದಲ್ಲಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುವುದಕ್ಕೆ ವಕೀಲರು ‘ಸೆಟ್ ಆಫ್’ ಎನ್ನುತ್ತಾರೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಮಿನಲ್ಲಿದ್ದ ಈ ಹಕ್ಕು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 468ನೇ ಕಲಮು. ಜೀವಾವಧಿ ಕೈದಿಗೂ ಇದು ಸಲ್ಲುತ್ತದೆ ಎಂದು 1985ರಲ್ಲಿ ಭಗೀರಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾಮೀನಿನ ಮೇಲೆ ಹೊರಗಿದ್ದ ದಿನ ಮಾತ್ರ ಸೇರುವುದಿಲ್ಲ. ದಂಡ ಕಟ್ಟದೆ ಅನುಭವಿಸುವ ಸಜೆಗೂ ಸೆಟ್ ಆಫ್ ಇಲ್ಲ.

ತೊಡಕಿರುವುದು ಎರಡು ಕೇಸುಗಳಿದ್ದಾಗ. ಒಬ್ಬರು ಕಳ್ಳತನದ ಕೇಸಿನಲ್ಲಿ ಆರು ತಿಂಗಳು ಸಜೆ ಅನುಭವಿಸಿದ ಮೇಲೆ ಆ ತೀರ್ಪು ರದ್ದಾಯಿತು ಎನ್ನಿ. ಹೊಡೆದಾಟದ ಇನ್ನೊಂದು ಕೇಸಿನಲ್ಲಿ ಒಂದು ವರ್ಷ ಶಿಕ್ಷೆಯಾಯಿತು. ಆ ಆರು ತಿಂಗಳು ತಾನಾಗಿಯೇ ಇದಕ್ಕೆ ಜಮೆಯಾಗದು. ಜೈಲುವಾಸ ಬ್ಯಾಂಕಿನ ಠೇವಣಿಯಲ್ಲ. ಅದೇ ಅವಧಿಯಲ್ಲಿ ಬಾಡಿ ವಾರಂಟ್ (ಜೈಲಿನಲ್ಲಿರುವವರನ್ನು ಇನ್ನೊಂದು ಕೇಸಿಗೆ ಕರೆತರುವ ಆದೇಶ) ಮೇಲೆ ಹಾಜರುಪಡಿಸಿ, ಹೊಡೆದಾಟದ ಕೇಸಿನಲ್ಲೂ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ್ದರೆ ಕೇಳಲು ಆಧಾರ ಸಿಗುತ್ತದೆ. ಎರಡು ಕೇಸುಗಳಲ್ಲಿ ಏಕಕಾಲಕ್ಕೆ ವಿಚಾರಣಾಧೀನ ಕೈದಿಯಾಗಿದ್ದ ದಿನಗಳನ್ನು ಎರಡರಲ್ಲೂ ಕಳೆಯಬಹುದೆಂದು 2001ರಲ್ಲಿ ನಜಾಕತ್ ಅಲಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ತೀರ್ಮಾನಿಸಿತು. ಇನ್ನೊಂದು ಕೇಸಿನ ಸಜೆ ಅನುಭವಿಸುತ್ತಿದ್ದ ದಿನಕ್ಕೆ ಸೆಟ್ ಆಫ್ ಇಲ್ಲವೆಂಬ 1984ರ ತೀರ್ಪೂ ಇದೆ. ಆ ಸಜೆಯೇ ರದ್ದಾಗಿದೆಯಲ್ಲ ಎಂದು ನಿಮ್ಮ ವಕೀಲರು ವಾದಿಸಬೇಕು. ಹಾಗಾಗಿ ಬಾಡಿ ವಾರಂಟಿನ ತಾರೀಖು ಬರೆದಿಟ್ಟುಕೊಳ್ಳಿ.

ತೀರ್ಪಿನ ಪ್ರತಿಯನ್ನು ಸಜೆಯಾದವರಿಗೆ ಪುಕ್ಕಟೆ ಕೊಡಲೇಬೇಕು. ಅದರ ಕೊನೆಯ ಆದೇಶದ ಭಾಗದಲ್ಲಿ ಸೆಟ್ ಆಫ್ ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಅಥವಾ ದಿನಗಳ ಎಣಿಕೆ ತಪ್ಪಿದ್ದರೆ, ಜೈಲು ಅಧೀಕ್ಷಕರಿಂದ ಬಂಧನ ಅವಧಿಯ ಪ್ರಮಾಣಪತ್ರ ಪಡೆದು ಶಿಕ್ಷೆ ವಿಧಿಸಿದ ನ್ಯಾಯಾಲಯಕ್ಕೇ ಅರ್ಜಿ ಹಾಕಿ.

ಪೂರ್ತಿ ನಿರ್ದೋಷಿಯಾಗಿ ಹೊರಬಂದವರಿಗೆ ಕಳೆಯಲು ಶಿಕ್ಷೆಯೇ ಇರುವುದಿಲ್ಲ, ಪರಿಹಾರದ ಮಾತಷ್ಟೇ. ಇದಕ್ಕೆ ಪ್ರತ್ಯೇಕ ಕಾನೂನಿಲ್ಲ. ಹೆಂಡತಿಯನ್ನು ಕೊಂದ ಆರೋಪದಲ್ಲಿ ಜೈಲು ಸೇರಿದ್ದ ಕುಶಾಲನಗರದ ಕಡೆಯವರೊಬ್ಬರ ಪತ್ನಿ 2025ರಲ್ಲಿ ಜೀವಂತ ಸಿಕ್ಕಾಗ, ಮೈಸೂರಿನ ನ್ಯಾಯಾಲಯ ಕೊಡಿಸಿದ್ದು ಒಂದು ಲಕ್ಷ ರೂಪಾಯಿ. ನನ್ನ ಮಟ್ಟಿಗೆ ಅದು ಪರಿಹಾರವಲ್ಲ.

ಬಂಧನದಲ್ಲಿರುವ ಯಾರಿಗಾದರೂ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಶಿಡ್ಲಘಟ್ಟದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.